ಬಿಲ್ಲಿಗೆ ತಕ್ಕ ಹೆದೆ

ಬಿಲ್ಲು ಕೊಳ್ಳುವಾಗ ಎಲ್ಲರೂ ಹತ್ತು ಸಲ ಯೋಚಿಸುತ್ತಾರೆ. ಹೆದೆಯ ವಿಷಯಕ್ಕೆ ಬಂದರೆ ಮಾತ್ರ ಬಿಲ್ಲಿನ ಜೊತೆ ಬಂದದ್ದನ್ನೇ ಕಟ್ಟಿಕೊಂಡು, ಅದು ನವೆದುಹೋಗುವ ತನಕ ಹೊಡೆಯುತ್ತಾ ಇರುತ್ತಾರೆ. ನಾನು ನನ್ನ ಹೆದೆಗಳನ್ನು ನಾನೇ ಹೊಸೆದುಕೊಳ್ಳುತ್ತೇನೆ. ದುಡ್ಡು ಉಳಿಯುತ್ತದೆ ಅಂತಲ್ಲ. ಉದ್ದ, ದಪ್ಪ, ಹಿಗ್ಗುವ ಗುಣ, ಮೂರೂ ನನ್ನ ಬಿಲ್ಲಿಗೆ ಹೊಂದಬೇಕು. ಅಂಗಡಿಯ ಹೆದೆಯಲ್ಲಿ ಮೂರರಲ್ಲಿ ಒಂದಾದರೂ ತಪ್ಪಿರುತ್ತದೆ.

ನನ್ನದು 66 ಇಂಚಿನ ಲಾಂಗ್‌ಬೋ, ಅಂದರೆ ಉದ್ದನೆಯ ನೇರ ಬಿಲ್ಲು. ಮರದ ಮೈ, ಬೆನ್ನಿಗೆ ಬಿದಿರಿನ ಪಟ್ಟಿ. ಹೆದೆಯನ್ನು 28 ಇಂಚು ಎಳೆಯಲು 45 ಪೌಂಡ್ ಬಲ ಬೇಕು. ಇಂಥ ಬಿಲ್ಲಿಗೆ ಯಾವ ದಾರ ಅನ್ನುವುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ದಾರದ ಗಟ್ಟಿತನದಲ್ಲಿ ಅಲ್ಲ, ಅದರ ಹಿಗ್ಗಿನಲ್ಲಿ.

ಬಾಣ ಬಿಟ್ಟಾಗ ಬಿಲ್ಲಿನ ಎರಡೂ ತೋಳುಗಳು ರಭಸದಿಂದ ಮುಂದಕ್ಕೆ ಬರುತ್ತವೆ. ಹೆದೆ ನೆಟ್ಟಗಾದ ಕ್ಷಣ ಗಕ್ಕನೆ ನಿಲ್ಲುತ್ತವೆ. ಬಾಣಕ್ಕೆ ಹೋಗದೆ ಉಳಿದ ಶಕ್ತಿಯೆಲ್ಲ ಆಗ ಹೆದೆಯ ಮೇಲೆ, ಬಿಲ್ಲಿನ ತುದಿಯ ಕಚ್ಚುಗಳ ಮೇಲೆ ಬೀಳುತ್ತದೆ. ಹೆದೆ ಒಂಚೂರು ಹಿಗ್ಗಿದರೆ ಆ ಹೊಡೆತ ತಗ್ಗುತ್ತದೆ. ಹಿಗ್ಗದಿದ್ದರೆ ಪೂರ್ತಿ ಪೆಟ್ಟು ಕಚ್ಚಿಗೆ. ಹಾಗಂತ ಜಾಸ್ತಿ ಹಿಗ್ಗಿದರೂ ನಷ್ಟವೇ. ಬಾಣಕ್ಕೆ ಸೇರಬೇಕಾದ ಶಕ್ತಿ ಹೆದೆಯಲ್ಲೇ ಪೋಲಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ನೈಲಾನ್ ದಾರ ಎಷ್ಟೇ ಗಟ್ಟಿ ಇದ್ದರೂ ಹೆದೆಗೆ ಬೇಡ ಅನ್ನುವುದು ಇದಕ್ಕೇ.

ಮರದ ಬಿಲ್ಲಿಗೆ, ತುದಿಗಳು ಮುಂದಕ್ಕೆ ಬಾಗಿದ ಹಳೇ ರಿಕರ್ವ್ ಬಿಲ್ಲುಗಳಿಗೆ ನಾನು ಕಣ್ಣು ಮುಚ್ಚಿಕೊಂಡು ಡೇಕ್ರಾನ್ ಆರಿಸುತ್ತೇನೆ. ಅದು ಪಾಲಿಯೆಸ್ಟರ್ ದಾರ. ಬಿ-50, ಬಿ-55 ಅನ್ನುವ ಹೆಸರಿನಲ್ಲಿ ರೀಲು ಸಿಗುತ್ತದೆ. ಫಾಸ್ಟ್ ಫ್ಲೈಟ್ ಥರದ್ದು ಬೇರೆ ಜಾತಿ. ಅದು ಡೈನೀಮಾ ಅನ್ನುವ ಪಾಲಿಎಥಿಲೀನ್ ದಾರದ ಕುಲದ್ದು, ತೆಳು, ತುಂಬಾ ಗಟ್ಟಿ, ಹಿಗ್ಗುವುದು ಅತಿ ಕಡಿಮೆ. ಬಾಣ ಕೊಂಚ ಬೇಗ ಹೋಗುವುದು ನಿಜ. ಆದರೆ ತುದಿಗಳನ್ನು ಬಲಪಡಿಸದ ಬಿಲ್ಲಿಗೆ ಹಾಕಿದರೆ ತುದಿ ಸೀಳಬಹುದು. ಬಿಲ್ಲು ಮಾಡಿದವರು "ಹಾಕಬಹುದು" ಅಂತ ಬಾಯಿಬಿಟ್ಟು ಹೇಳದ ಹೊರತು ನಾನು ಹಾಕುವುದಿಲ್ಲ. ಆ ಸ್ವಲ್ಪ ವೇಗ ಇಟ್ಟುಕೊಂಡು ನಾನೇನು ಒಲಿಂಪಿಕ್ಸ್‌ಗೆ ಹೋಗಬೇಕಾ?

ನಾರಿನ ಹೆದೆಯ ಹುಚ್ಚೂ ನನಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಗಳ ಭಾಗವೊಂದಿದೆ. ಹೆದೆಗೆ ಆಗುವ ವಸ್ತುಗಳನ್ನು ಅಲ್ಲಿ ಪಟ್ಟಿ ಮಾಡಿದ್ದಾರೆ: ಮೂರ್ವಾ ಅನ್ನುವ ನಾರಿನ ಗಿಡ, ಎಕ್ಕ, ಸೆಣಬು, ಗವೇಧು ಅನ್ನುವ ಹುಲ್ಲು, ಬಿದಿರು, ಪ್ರಾಣಿಗಳ ಸ್ನಾಯುರಜ್ಜು. ಇದರಲ್ಲಿ ಎಕ್ಕ ನಮ್ಮೂರ ಬೇಲಿಯಲ್ಲೇ ಬೆಳೆಯುತ್ತದೆ, ಸೆಣಬನ್ನು ರೈತರು ಹಸಿರು ಗೊಬ್ಬರಕ್ಕೆ ಬಿತ್ತುತ್ತಾರೆ. ಬಿದಿರಿನ ಹೆದೆ ಇನ್ನೂ ಬದುಕಿದೆ. ಭಿಲ್ಲ ಬುಡಕಟ್ಟಿನವರ ಬಿಲ್ಲಿಗೆ ಬಿದಿರಿನ ಹೊರಮೈಯಿಂದ ಸೀಳಿದ ತೆಳು ಪಟ್ಟಿಯೇ ಹೆದೆ.

ನಾನು ಕೈಹಾಕಿದ್ದು ಎಕ್ಕಕ್ಕೆ. ಇದನ್ನು ಸೆಣಬಿನ ಹಾಗೆ ನೀರಲ್ಲಿ ಕೊಳೆಹಾಕುವುದಿಲ್ಲ. ನೆಟ್ಟಗಿರುವ ಕಾಂಡಗಳನ್ನು ಕಡಿದು, ಒಂದೆರಡು ದಿನ ಬಾಡಲು ಬಿಟ್ಟು, ಕಾಂಡವನ್ನು ಜಜ್ಜಿ ಸಿಪ್ಪೆಯ ಒಳಗಿನ ನಾರನ್ನು ಕೈಯಲ್ಲೇ ಬಿಡಿಸಬೇಕು. ಹಾಲು ಕಣ್ಣಿಗೆ ತಾಗದ ಹಾಗೆ ಜೋಪಾನ, ಕಣ್ಣಿಗೆ ಹೋದರೆ ದೊಡ್ಡ ಅಪಾಯ. ಸಿಗುವ ನಾರು ಬೆಳ್ಳಗೆ, ರೇಷ್ಮೆಯಂತೆ ನುಣುಪು. ಸಿಗುವುದು ಹಿಡಿಯಷ್ಟು, ಕೆಲಸ ಬೆಟ್ಟದಷ್ಟು. ಮಕ್ಕಳ 15 ಪೌಂಡಿನ ಬಿಲ್ಲಿಗೆ ಈ ಹೆದೆ ಚೆನ್ನಾಗಿ ಕೂತಿದೆ. ನನ್ನ 45 ಪೌಂಡಿಗೆ ಏರಿಸುವ ಧೈರ್ಯ ಮಾಡಿಲ್ಲ. ಕೈಯಲ್ಲಿ ಬಿಡಿಸಿದ ನಾರಿನಲ್ಲಿ ಎಲ್ಲಿ ತೆಳು, ಎಲ್ಲಿ ದಪ್ಪ ಅಂತ ಗೊತ್ತಾಗುವುದಿಲ್ಲ. ಹೆದೆ ತುಂಡಾದರೆ ಎಷ್ಟೋ ಸಲ ಬಿಲ್ಲೂ ಜೊತೆಗೇ ಹೋಗುತ್ತದೆ. ಕತ್ತಾಳೆ ನಾರು ಸುಲಭವಾಗಿ ಸಿಗುತ್ತದೆ, ಆದರೆ ಬಿರುಸು. ಹೊಸೆದರೂ ಮುಳ್ಳುಮುಳ್ಳಾಗಿರುತ್ತದೆ.

ಇನ್ನು ಎಳೆಗಳ ಲೆಕ್ಕ. ಹೆದೆಯ ತಾಕತ್ತು ಬಿಲ್ಲಿನ ಪೌಂಡಿಗಿಂತ ಕಡೇಪಕ್ಷ ನಾಲ್ಕು ಪಟ್ಟು ಇರಬೇಕು ಅನ್ನುವುದು ಹಳೇ ರೂಢಿ. ಬಿ-50ರ ಒಂದೆಳೆ ಸುಮಾರು 50 ಪೌಂಡ್ ತಡೆಯುತ್ತದೆ. ಆ ಲೆಕ್ಕದಲ್ಲಿ ನನ್ನ ಬಿಲ್ಲಿಗೆ ನಾಲ್ಕೆಳೆ ಸಾಕು ಅನ್ನಿಸುತ್ತದೆ ಅಲ್ವಾ? ಆದರೆ ಅಷ್ಟು ತೆಳು ಹೆದೆ ಬೆರಳನ್ನು ಕೊಯ್ಯುತ್ತದೆ, ಬಿಲ್ಲಿನ ಕಚ್ಚನ್ನೂ ಕೊರೆಯುತ್ತದೆ, ದಿನ ಕಳೆದಂತೆ ಉದ್ದವಾಗುತ್ತಲೇ ಹೋಗುತ್ತದೆ. ಅದಕ್ಕೇ 35-45 ಪೌಂಡಿಗೆ 12 ಎಳೆ, ಅದಕ್ಕಿಂತ ಮೇಲೆ 14 ಎಳೆ ರೂಢಿಯಲ್ಲಿದೆ. ನಾನು ಗಡಿಯಲ್ಲಿದ್ದೇನೆ, 14 ಹಾಕುತ್ತೇನೆ.

ಹೊಸೆಯುವುದು ಫ್ಲೆಮಿಶ್ ಟ್ವಿಸ್ಟ್ ರೀತಿಯಲ್ಲಿ. ಎರಡು ಗೂಟಗಳ ನಡುವೆ ದಾರ ಸುತ್ತಿ ಮಾಡುವ ಎಂಡ್‌ಲೆಸ್ ಲೂಪ್ ಹೆದೆಯೂ ಇದೆ. ಅದಕ್ಕೆ ಚೌಕಟ್ಟು ಬೇಕು. ಇದಕ್ಕೆ ಕೈ ಸಾಕು.

ಬಿಲ್ಲಿನ ಉದ್ದಕ್ಕೆ 18 ಇಂಚು ಸೇರಿಸಿ, ಅಂದರೆ 84 ಇಂಚಿನ ಎಳೆಗಳನ್ನು ಕತ್ತರಿಸುತ್ತೇನೆ. ಏಳೇಳರ ಎರಡು ಕಟ್ಟು. ಎರಡಕ್ಕೂ ಬೇರೆ ಬೇರೆ ಬಣ್ಣ ಇದ್ದರೆ ಕಣ್ಣಿಗೆ ಸುಲಭ. ಎಳೆಗಳ ತುದಿಗಳನ್ನು ಒಂದೇ ಮಟ್ಟಕ್ಕೆ ಇಡಬಾರದು. ಒಂದಕ್ಕಿಂತ ಒಂದು ಅರ್ಧ ಇಂಚು ಹಿಂದೆ ಇರಲಿ, ಆಗ ಬಾಲ ಚೂಪಾಗಿ ಹೆದೆಯಲ್ಲಿ ಕರಗುತ್ತದೆ. ಜೇನುಮೇಣಕ್ಕೆ ಸ್ವಲ್ಪ ರಾಳ ಕರಗಿಸಿ ಸೇರಿಸಿದ ಉಂಡೆಯಿಂದ ಕಟ್ಟುಗಳನ್ನು ಚೆನ್ನಾಗಿ ತೀಡುತ್ತೇನೆ.

ತುದಿಯಿಂದ 8 ಇಂಚು ಬಾಲ ಬಿಟ್ಟು ಶುರು. ಒಂದು ಕಟ್ಟನ್ನು ನನ್ನಿಂದ ಆಚೆಗೆ ಬಿಗಿಯಾಗಿ ತಿರುಚಿ, ಇನ್ನೊಂದರ ಮೇಲಿಂದ ನನ್ನ ಕಡೆಗೆ ತರುತ್ತೇನೆ. ಮತ್ತೆ ಇನ್ನೊಂದನ್ನು ಹಾಗೇ. ಕಟ್ಟಿನ ಹುರಿ ಒಂದು ಕಡೆಗೆ, ಜೋಡಿಯ ಹುರಿ ಎದುರು ಕಡೆಗೆ. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ. ದನದ ಹಗ್ಗ ಹೊಸೆದವರ ಕೈಗೆ ಇದೇನೂ ಹೊಸದಲ್ಲ. ಮೂರು ಇಂಚು ಹೊಸೆದ ಮೇಲೆ ಮಡಚಿ ಕುಣಿಕೆ ಮಾಡಿ, ಬಾಲಗಳನ್ನು ಅವವುಗಳ ಬಣ್ಣದ ಕಟ್ಟಿಗೆ ಸೇರಿಸಿ, ಬಾಲ ಮುಗಿಯುವ ತನಕ ಹೊಸೆಯುತ್ತಾ ಹೋಗುತ್ತೇನೆ. ಇದು ಮೇಲಿನ ಕುಣಿಕೆ. ಹೆದೆ ಇಳಿಸಿದಾಗ ತೋಳಿನ ಮೇಲೆ ಜಾರಬೇಕು, ಅದಕ್ಕೆ ದೊಡ್ಡದು. ಕೆಳಗಿನದಕ್ಕೆ ಎರಡು ಇಂಚು ಸಾಕು.

ಎರಡನೇ ತುದಿಗೆ ಹೋಗುವ ಮುಂಚೆ ನಡುವಿನ ಎಳೆಗಳನ್ನು ಬೆರಳಲ್ಲಿ ಬಾಚಿ ಬಿಡಿಸಲೇಬೇಕು. ಇಲ್ಲದಿದ್ದರೆ ನಡುವೆ ಎದುರು ಹುರಿ ಉಳಿದು, ಕೆಲವು ಎಳೆ ಬಿಗಿ, ಕೆಲವು ಸಡಿಲ ಆಗುತ್ತವೆ. ಲಾಂಗ್‌ಬೋ ಹೆದೆ ಬಿಲ್ಲಿಗಿಂತ 3 ಇಂಚು ಕಡಿಮೆ, ರಿಕರ್ವ್ ಆದರೆ 4 ಇಂಚು. ನನಗೆ 63 ಬೇಕು. ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿದು 62ಕ್ಕೆ ಮುಗಿಸುತ್ತೇನೆ.

ಹೊಸ ಹೆದೆ ಮೊದಲು ಹಿಗ್ಗಿಯೇ ಹಿಗ್ಗುತ್ತದೆ. ಕೆಲವರು ರಾತ್ರಿಯೆಲ್ಲ ಬಿಲ್ಲಿಗೆ ಏರಿಸಿಡುತ್ತಾರೆ. ಮರದ ಬಿಲ್ಲಿಗೆ ಅದು ಬೇಡ, ಬಿಲ್ಲು ಬಾಗಿದ ಹಾಗೇ ನಿಂತುಬಿಡುತ್ತದೆ. ನಾನು ಹೆದೆಯನ್ನು ತೊಲೆಯ ಕೊಕ್ಕೆಗೆ ಸಿಕ್ಕಿಸಿ, ಕೆಳಗೆ 25 ಕೆಜಿ ಅಕ್ಕಿ ಮೂಟೆ ನೇತು ಹಾಕುತ್ತೇನೆ. ಬೆಳಿಗ್ಗೆ ಮನೆಯವರಿಗೆ ಅಕ್ಕಿ ಬೇಕಾದಾಗ ಇಳಿಸಿದರಾಯಿತು.

ಆಮೇಲೆ ಹುರಿ. ಹೊಸೆದ ದಿಕ್ಕಿಗೇ ಹದಿನೈದು ಇಪ್ಪತ್ತು ಸುತ್ತು ಕೊಟ್ಟು ಏರಿಸಿ, ಹಿಡಿಯಿಂದ ಹೆದೆಗೆ ಎಷ್ಟು ದೂರ ಅಂತ ನೋಡುತ್ತೇನೆ. ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದರೆ ಎಷ್ಟೋ ಅಷ್ಟು ಅನ್ನುವುದು ಇಂಗ್ಲಿಷ್ ಬಿಲ್ಲುಗಾರರ ಹಳೇ ಅಳತೆ. ನನ್ನ ಬಿಲ್ಲಿಗೆ 6.5 ಇಂಚು ಸರಿ. ಕಡಿಮೆಯಾದರೆ ಹೆದೆ ಮುಂಗೈಗೆ ಬಾರಿಸುತ್ತದೆ, ಆಗ ಇನ್ನಷ್ಟು ಸುತ್ತು. ಜಾಸ್ತಿಯಾದರೆ ನಾಲ್ಕು ಸುತ್ತು ಬಿಚ್ಚಬೇಕು.

ಬಾಣ ಕೂರುವ ಕಡೆ ನೈಲಾನ್ ದಾರ ಒತ್ತಾಗಿ ಸುತ್ತುತ್ತೇನೆ. ಬಾಣವನ್ನು ಹೆದೆಗೆ ಸಿಕ್ಕಿಸಿ ಕೆಳಮುಖವಾಗಿ ತೂಗಿಬಿಟ್ಟಾಗ ಬೀಳಬಾರದು, ಹೆದೆಗೆ ಬೆರಳಲ್ಲಿ ತಟ್ಟಿದರೆ ಬೀಳಬೇಕು. ಸುತ್ತು ದಪ್ಪವಾಗಿ ಬಾಣ ಕಚ್ಚಿಕೊಂಡರೆ ಬಿಚ್ಚಿ ತೆಳು ದಾರ ಸುತ್ತುವುದೇ ಸರಿ. ಬಾಣದ ಕಚ್ಚನ್ನು ಉಜ್ಜಿ ಅಗಲ ಮಾಡಲು ಹೋಗಬೇಡಿ.

ಒಂದೆಳೆ ತುಂಡಾದರೂ ಆ ಹೆದೆ ಮುಗಿಯಿತು. ಮೊದಲು ಸವೆಯುವುದು ಕುಣಿಕೆಯ ಬುಡ ಮತ್ತು ನಡುವಿನ ಸುತ್ತಿನ ಅಂಚು. ಏರಿಸುವ ಮೊದಲು ಅಲ್ಲಿ ಬೆರಳಾಡಿಸುತ್ತೇನೆ. ಹೆದೆ ಮಾಡುವಾಗಲೆಲ್ಲ ಜೋಡಿ ಮಾಡುತ್ತೇನೆ. ಎರಡರಲ್ಲೂ ಬಾಣ ಹೊಡೆದು ಪಳಗಿಸಿ, ಒಂದನ್ನು ಎಳೆ, ಉದ್ದ, ಸುತ್ತು ಬರೆದ ಚೀಟಿಯ ಜೊತೆ ಡಬ್ಬಿಯಲ್ಲಿ ಇಡುತ್ತೇನೆ. ಆ ಚೀಟಿ ಇದ್ದರೆ ಹೆದೆ ಬದಲಿಸಿದ ದಿನವೂ ಗುರಿ ಕೆಡುವುದಿಲ್ಲ.