ಥ ಮತ್ತು ಧ ಬೇರೆ ಬೇರೆ ಕಾಣಲು ಮಾನಿಟರ್ ಸರಿ ಮಾಡಿಕೊಂಡದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾಗದ, ದೇವಸ್ಥಾನದ ಆಮಂತ್ರಣ, ಯಕ್ಷಗಾನದ ನೋಟಿಸು, ಹೆಚ್ಚಿನದು ಕನ್ನಡದಲ್ಲೇ, ನಡುನಡುವೆ ಮಲಯಾಳದ್ದೂ ಬರುತ್ತದೆ. ಹೋದ ವರ್ಷ ಒಂದು ಆಮಂತ್ರಣದಲ್ಲಿ ‘ಅಶ್ವತ್ಥ ಕಟ್ಟೆ’ ಹೋಗಿ ‘ಅಶ್ವತ್ಧ ಕಟ್ಟೆ’ ಆಗಿ 300 ಪ್ರತಿ ಅಚ್ಚಾಗಿಬಿಟ್ಟಿತು. ತೆಗೆದುಕೊಂಡು ಹೋಗಲು ಬಂದವರು ನಿಂತಲ್ಲೇ ಓದಿ, “ಇದು ಥ ಅಲ್ಲ ಮಾರಾಯ್ರೆ, ಧ ಆಗಿದೆ” ಅಂದರು. ಪ್ರೂಫ್ ಎರಡು ಸಲ ನೋಡಿದ್ದೆ. ಆದರೆ ನನ್ನ ಸ್ಕ್ರೀನಿನಲ್ಲಿ ಆ ಒತ್ತಿನ ಹೊಟ್ಟೆಯೊಳಗೆ ಚುಕ್ಕೆ ಇದೆಯೋ ಇಲ್ಲವೋ ಅಂತ ಗೊತ್ತೇ ಆಗುತ್ತಿರಲಿಲ್ಲ.

ಅವತ್ತು ಸಂಜೆಯೇ ಕೂತೆ. ಮಾನಿಟರ್ 22 ಇಂಚಿನದು, ಅದರ ಸ್ವಂತ ರೆಸಲ್ಯೂಶನ್, ಅಂದರೆ ಅಡ್ಡಕ್ಕೂ ಉದ್ದಕ್ಕೂ ಇರುವ ಪಿಕ್ಸೆಲ್ಲುಗಳ (ಬೆಳಕಿನ ಚುಕ್ಕೆಗಳ) ಲೆಕ್ಕ, 1920×1080. ಅಕ್ಷರ ದೊಡ್ಡದಾಗಿ ಕಾಣಲಿ ಅಂತ ನಾನೇ 1366×768ಕ್ಕೆ ಇಳಿಸಿಟ್ಟಿದ್ದೆ. ಅಲ್ಲೇ ಕೆಟ್ಟದ್ದು. ಎಲ್‌ಸಿಡಿಯಲ್ಲಿ ಪಿಕ್ಸೆಲ್ ಇರುವಷ್ಟೇ, ನಾವು ಕಮ್ಮಿ ಕೇಳಿದರೆ ಅದು ಒಂದು ಪಿಕ್ಸೆಲನ್ನು ಹೆಚ್ಚುಕಮ್ಮಿ 1.4ಕ್ಕೆ ಹಿಗ್ಗಿಸಬೇಕಾಗುತ್ತದೆ, ಅರ್ಧ ಪಿಕ್ಸೆಲ್ ಅಂತ ಇಲ್ಲವಲ್ಲ, ಹಾಗಾಗಿ ಅಕ್ಷರದ ಅಂಚೆಲ್ಲ ಕಲಸಿಹೋಗುತ್ತದೆ. ರೆಸಲ್ಯೂಶನ್ ಪೂರ್ತಿ ಕೊಟ್ಟು, ಅಕ್ಷರ ಹಿಗ್ಗಿಸುವ ವಿಂಡೋಸಿನ ಸ್ಕೇಲ್ 125% ಮಾಡಿದೆ. ಅಕ್ಷರ ದೊಡ್ಡದೂ ಆಯಿತು, ಚೊಕ್ಕವೂ ಆಯಿತು.

ಆಮೇಲೆ ಮಾನಿಟರಿನ ಶಾರ್ಪ್‌ನೆಸ್, ಅಂದರೆ ಅಂಚನ್ನು ಎದ್ದು ಕಾಣಿಸುವ ಸೆಟ್ಟಿಂಗು. ಇದು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ತುಂಬಾ ಜನ ತಿಳಿದಿದ್ದಾರೆ, ನಾನೂ 80ಕ್ಕೆ ಇಟ್ಟಿದ್ದೆ. ಹತ್ತಿರ ಹೋಗಿ ನೋಡಿದರೆ ಬೂದು ಬಣ್ಣದ ಮೇಲಿನ ಅಕ್ಷರಕ್ಕೆ ಸುತ್ತ ಬಿಳಿ ಗೆರೆ ಬಂದಿತ್ತು. ಆ ಗೆರೆ ಮಾಯ ಆಗುವವರೆಗೆ ಇಳಿಸುತ್ತಾ ಬಂದೆ, ನನ್ನದರಲ್ಲಿ 50ಕ್ಕೆ ಸರಿಯಾಯಿತು. ಹಳೆಯ ವಿಜಿಎ ಕೇಬಲ್ ತೆಗೆದು ಎಚ್‌ಡಿಎಂಐ ಹಾಕಿದೆ. ಹಾಕಿದ ಕೂಡಲೇ ಕಪ್ಪು ಅಕ್ಷರ ಬೂದಿ ಬಳಿದ ಹಾಗೆ ಕಂಡಿತು! ಕಂಪ್ಯೂಟರ್ ಮಾನಿಟರನ್ನು ಟಿವಿ ಅಂತ ತಿಳಿದು, 0 (ಕಪ್ಪು)ಯಿಂದ 255 (ಬಿಳಿ)ರವರೆಗೆ ಕಳಿಸುವ ಬದಲು 16ರಿಂದ 235ರವರೆಗಿನ ಬಣ್ಣ ಮಾತ್ರ ಕಳಿಸುತ್ತಿತ್ತು. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ‘ಫುಲ್’ ಕೊಟ್ಟ ಮೇಲೆ ಕಪ್ಪು ಕಪ್ಪಾಯಿತು.

ಕೊನೆಗೆ ಅಕ್ಷರದ ಅಂಚು ನುಣುಪಾಗಿ ಕಾಣಿಸುವ ವಿಂಡೋಸಿನ ಕ್ಲಿಯರ್‌ಟೈಪ್. ಅದು ತೋರಿಸುವ ಮಾದರಿಗಳು ಇಂಗ್ಲಿಷಿನಲ್ಲಿದ್ದವು. ಅದನ್ನೇ ನಂಬಬೇಡಿ. ನಾನು ಒಂದು ಪುಟದಲ್ಲಿ ‘ಅಶ್ವತ್ಥ’, ‘ಲಕ್ಷ್ಮೀ’, ‘ಘ ಫ’, ‘ಮ ಯ’ ಅಂತ 10 ಪಾಯಿಂಟಿನಲ್ಲಿ ಟೈಪ್ ಮಾಡಿಟ್ಟಿದ್ದೇನೆ. ಏನು ಬದಲಿಸಿದರೂ ಆ ಪುಟ ತೆರೆದು ನೋಡುತ್ತೇನೆ. ‘ಲಕ್ಷ್ಮೀ’ಯ ಎರಡು ಒತ್ತೂ ಒಂದಕ್ಕೊಂದು ಅಂಟದೆ ಕಾಣಬೇಕು.

ಬಣ್ಣಕ್ಕೆ, ಎಲ್ಲವನ್ನೂ ಗಾಢ ಮಾಡುವ ‘ವಿವಿಡ್’ ಬಿಟ್ಟು, ಕಂಪ್ಯೂಟರಿನ ಸಾಮಾನ್ಯ ಬಣ್ಣದ ಮಟ್ಟವಾದ ಎಸ್‌ಆರ್‌ಜಿಬಿಗೆ ಬಂದೆ. ಕೆಲವು ಮಾನಿಟರಿನಲ್ಲಿ ಅದಿಲ್ಲ, ಆಗ ಕಲರ್ ಟೆಂಪರೇಚರ್ (ಬಿಳಿ ಎಷ್ಟು ಹಳದಿ ಅಥವಾ ನೀಲಿ ಅನ್ನುವುದು) 6500, ಗಾಮಾ (ಕಪ್ಪು-ಬಿಳಿಯ ನಡುವಿನ ಛಾಯೆಗಳು ಎಷ್ಟು ಬೆಳಗುತ್ತವೆ ಅನ್ನುವುದು) 2.2 ಇಟ್ಟರೆ ಸಾಕು. ಮೊದಲು ನೋಟಿಸಿನ ಕುಂಕುಮದ ಕೆಂಪು ಸ್ಕ್ರೀನಿನಲ್ಲಿ ಹೊಳೆಯುತ್ತಿತ್ತು, ಅಚ್ಚಾಗಿ ಬಂದಾಗ ಮಂಕು. ಸ್ಕ್ರೀನ್ ಬೆಳಕಿನ ಬಣ್ಣ, ಕಾಗದದ್ದು ಶಾಯಿಯ ಬಣ್ಣ, ಪೂರ್ತಿ ಒಂದೇ ಆಗಲಿಕ್ಕಿಲ್ಲ, ಆದರೆ ಈಗ ತುಂಬಾ ಹತ್ತಿರ ಬಂದಿದೆ. ಬಣ್ಣ ನೋಡುವಾಗ, ಸ್ಕ್ರೀನನ್ನು ಹಳದಿ ಮಾಡುವ ವಿಂಡೋಸಿನ ನೈಟ್ ಲೈಟ್ ಆಫ್ ಇರಲಿ.

ಬ್ರೈಟ್‌ನೆಸ್ಸಿಗೆ ಒಂದೇ ನಂಬರು ಹೇಳಲಾಗದು. ಮಾನಿಟರ್ ಪಕ್ಕದಲ್ಲಿ ಬಿಳಿ ಎ4 ಹಾಳೆ ಹಿಡಿಯಿರಿ, ಸ್ಕ್ರೀನಿನ ಬಿಳಿಯೂ ಅಷ್ಟೇ ಬೆಳ್ಳಗಿರಬೇಕು, ದೀಪದ ಹಾಗೆ ಉರಿಯಬಾರದು. ನನ್ನ ಅಂಗಡಿಯಲ್ಲಿ ಬೇಸಗೆಗೆ 45. ಆಟಿಯ ಮಳೆಗೆ ಹಗಲೇ ಕತ್ತಲೆ ಕಟ್ಟಿದಾಗ 25ಕ್ಕೆ ಇಳಿಸುತ್ತೇನೆ.