ಸರ್ವರ್ ಡಿಸ್ಕ್ ತುಂಬಿದಾಗ: ಅಳಿಸುವ ಮುನ್ನ ಅಳೆಯಬೇಕಾದದ್ದು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳದಂಥ ಪೇಟೆಗಳ ಅಡಿಕೆ ಅಂಗಡಿಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಮುದ್ರಣಾಲಯಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ವಿಂಡೋಸ್ ಸರ್ವರ್ ಇರುತ್ತದೆ. ಬಿಲ್ಲಿಂಗ್ ತಂತ್ರಾಂಶ, ಅದರ ಡೇಟಾಬೇಸ್, ಸ್ಕ್ಯಾನ್ ಮಾಡಿದ ಕಾಗದಪತ್ರಗಳು, ಕೆಲವೆಡೆ ಸಿಸಿಟಿವಿ ದೃಶ್ಯಗಳೂ ಅದರಲ್ಲೇ ಕೂತಿರುತ್ತವೆ. ಹೊಸ ಅಡಿಕೆ ಬರುವ ಕಾಲದಲ್ಲಿ ಡಿಸ್ಕ್ ತುಂಬಿ ಬಿಲ್ ನಿಂತುಹೋದರೆ, ಮಂಗಳೂರಿನಿಂದ ತಂತ್ರಜ್ಞರು ಬರುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ದೊಡ್ಡದಾಗಿ ಕಂಡ ಫೋಲ್ಡರೊಂದನ್ನು ಯಾರಾದರೂ ಅಳಿಸಿಬಿಡುತ್ತಾರೆ. ಡಿಸ್ಕ್ ತುಂಬಿದ್ದಕ್ಕಿಂತ ಹೆಚ್ಚಿನ ಹಾನಿ ಆಗುವುದು ಆ ಗಳಿಗೆಯಲ್ಲಿ. ಯಾವುದೋ ಒಂದು ಪ್ರೋಗ್ರಾಮ್ ನಿರಂತರವಾಗಿ ಬರೆಯುತ್ತಿದೆ, ಅದಕ್ಕೆ ಮಿತಿ ಹಾಕಬೇಕಿದ್ದ ಏರ್ಪಾಡು ಎಲ್ಲೋ ನಿಂತಿದೆ ಎಂದು ತಿಳಿದು, ಆ ಎರಡನ್ನೂ ಪತ್ತೆಹಚ್ಚುವುದು ಇಲ್ಲಿನ ಮುಖ್ಯ ಕೆಲಸ.

ಮೊದಲು ಉಸಿರಾಡಲು ಸ್ವಲ್ಪ ಜಾಗ ಮಾಡಿಕೊಳ್ಳಬೇಕು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುವ ಹಳೆಯ ಸೆಟಪ್ ಕಡತಗಳು, ಐಎಸ್‌ಒ ಪ್ರತಿಗಳು (ಸಿಡಿ, ಡಿವಿಡಿಗಳ ಇಡೀ ನಕಲುಗಳು), ಹಿಂದೊಮ್ಮೆ ಯಾರೋ ತೆಗೆದಿಟ್ಟ ಜಿಪ್ ಕಟ್ಟುಗಳು ಇವುಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದರೆ ಹಲವು ಸಲ ಆ ದಿನದ ವ್ಯವಹಾರಕ್ಕೆ ಬೇಕಾದಷ್ಟು ಜಾಗ ಸಿಗುತ್ತದೆ. ಈ ಹಂತದಲ್ಲಿ ಸಾಗಿಸುವುದೇ ಸರಿ, ಅಳಿಸುವುದು ಬೇಡ. ಸರ್ವರ್‌ನಲ್ಲೇ ಕೂತು ಸಾಮಾನ್ಯ ರೀತಿಯಲ್ಲಿ ಅಳಿಸಿದ ಕಡತ ಅದೇ ಡ್ರೈವಿನ ರೀಸೈಕಲ್ ಬಿನ್ನಿಗೆ ಹೋಗುವುದರಿಂದ ಒಂದು ಬೈಟ್ ಕೂಡ ಬಿಡುಗಡೆಯಾಗುವುದಿಲ್ಲ. ಅದೇ ಕಡತವನ್ನು ಕೌಂಟರಿನ ಕಂಪ್ಯೂಟರಿನಿಂದ, ನೆಟ್‌ವರ್ಕ್ ಶೇರ್ ಮೂಲಕ ಅಳಿಸಿದರೆ ಅದು ಯಾವ ಬಿನ್ನಿಗೂ ಹೋಗದೆ ನೇರವಾಗಿ ಮಾಯವಾಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕಳೆದುಹೋದ ಲೆಕ್ಕಪತ್ರಗಳು ಕಡಿಮೆಯಲ್ಲ.

ಬಳಿಕ ಅಳತೆ. ಟ್ರೀಸೈಜ್ ಅಥವಾ ವಿನ್‌ಡರ್‌ಸ್ಟ್ಯಾಟ್‌ನಂಥ ಫೋಲ್ಡರುಗಳ ಗಾತ್ರ ಅಳೆಯುವ ಉಚಿತ ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಹಕ್ಕಿನೊಂದಿಗೇ ತೆರೆಯಬೇಕು. ಇಲ್ಲವಾದರೆ ಕೆಲವು ಫೋಲ್ಡರುಗಳ ಒಳಗು ಅದಕ್ಕೆ ಕಾಣದೆ, ಕೂಡಿಸಿದ ಮೊತ್ತ ವಿಂಡೋಸ್ ತೋರಿಸುವ ಬಳಕೆಗಿಂತ ಬಹಳ ಕಡಿಮೆ ಬರುತ್ತದೆ. ಹೀಗೆ ಕಾಣದೆ ಉಳಿಯುವವುಗಳಲ್ಲಿ ಪ್ರಮುಖವಾದದ್ದು ಸಿಸ್ಟಮ್ ವಾಲ್ಯೂಮ್ ಇನ್ಫಾರ್ಮೇಶನ್. ಶ್ಯಾಡೋ ಕಾಪಿಗಳು, ಅಂದರೆ ಕಡತಗಳ ಹಿಂದಿನ ಸ್ಥಿತಿಯ ಪ್ರತಿಗಳು, ಅಲ್ಲಿ ಶೇಖರವಾಗುತ್ತವೆ. ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಶ್ಯಾಡೋ ಕಾಪೀಸ್ ಎಂಬ ಪುಟಕ್ಕೆ ಹೋಗಿ ಅದರ ಗರಿಷ್ಠ ಗಾತ್ರ 'ನೋ ಲಿಮಿಟ್' ಎಂದಿದೆಯೇ ನೋಡಿ, ಇದ್ದರೆ ಒಂದು ಮಿತಿ ಹಾಕಬೇಕು. ಮಿತಿ ಇಳಿಸಿದಾಗ ಹಳೆಯ ಪ್ರತಿಗಳು ತಾವಾಗಿ ಹೋಗುತ್ತವೆ ಎಂಬುದು ನೆನಪಿರಲಿ.

ಸಿ ಡ್ರೈವ್ ಆರಾಮವಾಗಿದ್ದು ಡೇಟಾಬೇಸ್ ಇರುವ ಡ್ರೈವ್ ಮಾತ್ರ ತುಂಬಿದ್ದರೆ, ನನ್ನ ಮೊದಲ ಸಂಶಯ ಡೇಟಾಬೇಸ್ ನಡೆಸುವ ತಂತ್ರಾಂಶವಾದ ಎಸ್‌ಕ್ಯುಎಲ್ ಸರ್ವರ್‌ನ ಟ್ರಾನ್ಸಾಕ್ಷನ್ ಲಾಗ್, ಅಂದರೆ ವಹಿವಾಟಿನ ದಾಖಲೆ ಕಡತದ ಮೇಲೆ. ಬಿಲ್ಲಿಂಗ್ ತಂತ್ರಾಂಶದಲ್ಲಿ ಲಾಗ್ ತುಂಬಿದೆ ಎನ್ನುವ 9002 ಸಂಖ್ಯೆಯ ದೋಷ ಕಾಣಿಸಿಕೊಂಡರೆ ಸಂಶಯ ಖಚಿತವಾದಂತೆಯೇ. ಡೇಟಾಬೇಸ್ ಫುಲ್ ರಿಕವರಿ ಮಾದರಿಯಲ್ಲಿದ್ದಾಗ ಪ್ರತಿಯೊಂದು ಬದಲಾವಣೆಯೂ ಲಾಗ್ ಕಡತದಲ್ಲಿ ದಾಖಲಾಗುತ್ತದೆ. ಲಾಗ್ ಬ್ಯಾಕಪ್ ಆಗುವವರೆಗೆ ಆ ದಾಖಲೆಗಳ ಜಾಗ ಮರುಬಳಕೆಗೆ ಸಿಗುವುದಿಲ್ಲ. ದಿನವೂ ಪೂರ್ಣ ಬ್ಯಾಕಪ್ ತೆಗೆಯುತ್ತಿದ್ದೇವೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಪೂರ್ಣ ಬ್ಯಾಕಪ್ ಲಾಗನ್ನು ಖಾಲಿ ಮಾಡುವುದಿಲ್ಲ.

ನಮ್ಮ ಕಡೆ ಈ ತೊಂದರೆಗೆ ಒಂದು ಸ್ಥಳೀಯ ಕಾರಣವೂ ಇದೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆಗಾಲಕ್ಕೆ ಮುಂಚಿನ ಏಪ್ರಿಲ್–ಮೇ ತಿಂಗಳಲ್ಲಿ, ಕಾಸರಗೋಡಿನಲ್ಲಿ ಸಿಡಿಲಿನ ಹೆದರಿಕೆ ಸಹಜವಾದದ್ದು. ಅಂಗಡಿ ಮುಚ್ಚುವಾಗ ಬ್ಯಾಕಪ್ ಡಿಸ್ಕಿನ ಕೇಬಲ್ ಕಿತ್ತಿಡುವುದು ಬುದ್ಧಿವಂತಿಕೆಯೇ. ಆದರೆ ರಾತ್ರಿಗೆ ನಿಗದಿಯಾಗಿದ್ದ ಲಾಗ್ ಬ್ಯಾಕಪ್ ಅಂದು ವಿಫಲವಾಗುತ್ತದೆ, ಮರುದಿನವೂ ವಿಫಲವಾಗುತ್ತದೆ, ಯಾರಿಗೂ ಅದರ ಸುದ್ದಿ ಹೋಗುವುದಿಲ್ಲ. ಲಾಗ್ ಮಾತ್ರ ಬೆಳೆಯುತ್ತಲೇ ಇದ್ದು, ಹಲವು ವಾರಗಳ ನಂತರ, ಸಿಡಿಲಿಗೂ ಇದಕ್ಕೂ ಸಂಬಂಧವಿದೆ ಎಂದು ಯಾರೂ ಊಹಿಸದ ಹೊತ್ತಿನಲ್ಲಿ, ಡ್ರೈವನ್ನು ತುಂಬಿಸುತ್ತದೆ. ಬ್ಯಾಕಪ್ ಸಮಯವನ್ನು ಮಧ್ಯಾಹ್ನದ ಊಟದ ಬಿಡುವಿಗೆ ಬದಲಿಸಿದರೆ ಸಿಡಿಲಿನ ಎಚ್ಚರಿಕೆಯನ್ನೂ ಬಿಡಬೇಕಿಲ್ಲ, ಬ್ಯಾಕಪ್ಪೂ ತಪ್ಪುವುದಿಲ್ಲ.

ಲಾಗ್ ಏಕೆ ಖಾಲಿಯಾಗುತ್ತಿಲ್ಲ ಎಂಬುದನ್ನು ಊಹಿಸಬೇಕಾದ ಅಗತ್ಯವೂ ಇಲ್ಲ. ಎಸ್‌ಕ್ಯುಎಲ್ ಸರ್ವರನ್ನು ನಿರ್ವಹಿಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ 'ಸಿಸ್ ಡೇಟಾಬೇಸಸ್' ಎಂಬ ಪಟ್ಟಿಯನ್ನು ತೆರೆದರೆ 'ಲಾಗ್ ರೀಯೂಸ್ ವೇಟ್ ಡೆಸ್ಕ್' (log_reuse_wait_desc) ಎಂಬ ಅಂಕಣದಲ್ಲಿ ಸರ್ವರ್ ತಾನೇ ಕಾರಣ ಹೇಳುತ್ತದೆ. 'ಲಾಗ್ ಬ್ಯಾಕಪ್' ಎಂದಿದ್ದರೆ ಲಾಗ್ ಬ್ಯಾಕಪ್ ತೆಗೆಯಬೇಕು; 'ಆಕ್ಟಿವ್ ಟ್ರಾನ್ಸಾಕ್ಷನ್' ಎಂದಿದ್ದರೆ ಮುಗಿಯದೆ ಉಳಿದ ವಹಿವಾಟು ಯಾವ ಕಂಪ್ಯೂಟರಿನದು ಎಂದು ಹುಡುಕಬೇಕು. ಬ್ಯಾಕಪ್ ಆದ ಮೇಲೂ ಕಡತದ ಗಾತ್ರ ಡಿಸ್ಕಿನಲ್ಲಿ ಹಾಗೆಯೇ ಕಾಣುತ್ತದೆ, ಒಳಗಷ್ಟೇ ಜಾಗ ಖಾಲಿಯಾಗಿರುತ್ತದೆ. ಆಗ ಆ ಲಾಗ್ ಕಡತವನ್ನು ಒಮ್ಮೆ ಶ್ರಿಂಕ್ ಮಾಡಿ, ಅಂದರೆ ಕುಗ್ಗಿಸಿ, ಯುಕ್ತ ಗಾತ್ರಕ್ಕೆ ತರಬಹುದು. ಶ್ರಿಂಕ್ ಮಾಡುವುದನ್ನು ವಾರದ ಅಭ್ಯಾಸ ಮಾಡಿಕೊಳ್ಳಬಾರದು, ಲಾಗ್ ಮತ್ತೆ ಬೆಳೆಯುವಾಗಲೆಲ್ಲ ಬಿಲ್ಲಿಂಗ್ ನಿಧಾನವಾಗುತ್ತದೆ. ಎಲ್‌ಡಿಎಫ್ ಎಂಬ ವಿಸ್ತರಣೆಯ ಲಾಗ್ ಕಡತವನ್ನಂತೂ ಸೇವೆ ನಿಲ್ಲಿಸಿ ಕೈಯಾರೆ ಅಳಿಸಲೇಬಾರದು. ಡೇಟಾಬೇಸ್ ಮತ್ತೆ ತೆರೆಯದೇ ಹೋಗಬಹುದು.

ಇನ್ನೊಂದು ಸಂದರ್ಭವನ್ನು ಇದರಿಂದ ಬೇರ್ಪಡಿಸಿ ನೋಡಬೇಕು. ಎಸ್‌ಕ್ಯುಎಲ್ ಸರ್ವರ್‌ನ ಉಚಿತವಾದ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ, 2008 ಆರ್2 ರಿಂದ 2022 ರವರೆಗೆ, ಒಂದು ಡೇಟಾಬೇಸಿನ ದತ್ತಾಂಶಕ್ಕೆ 10 ಜಿಬಿ ಮಿತಿ ಇದೆ. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಇದ್ದೂ ಜಾಗವಿಲ್ಲ ಎಂಬ ದೋಷ ಬಂದರೆ ಹೊಸ ಡಿಸ್ಕ್ ಕೊಳ್ಳುವ ಮುನ್ನ ಈ ಮಿತಿಯನ್ನು ಪರೀಕ್ಷಿಸಿ.

ಸಿ ಡ್ರೈವ್ ತುಂಬಿದ್ದರೆ ಕಣ್ಣಿಗೆ ಮೊದಲು ಬೀಳುವುದು ವಿಂಡೋಸ್ ತನ್ನ ಘಟಕಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್. ಅದರ ಬಹಳಷ್ಟು ಕಡತಗಳು ಹಾರ್ಡ್ ಲಿಂಕುಗಳು, ಅಂದರೆ ಬೇರೆಡೆ ಇರುವ ಕಡತಕ್ಕೇ ಇನ್ನೊಂದು ಹೆಸರು, ಆದ ಕಾರಣ ಒಂದೇ ಕಡತ ಎರಡು ಕಡೆ ಲೆಕ್ಕಕ್ಕೆ ಬಂದು ಗಾತ್ರ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ಅದನ್ನು ಕೈಯಿಂದ ಮುಟ್ಟಬೇಡಿ. ಡಿಸ್ಮ್ (DISM) ಎಂಬ ವಿಂಡೋಸ್‌ನದೇ ಸಾಧನದ 'ಅನಲೈಸ್ ಕಾಂಪೊನೆಂಟ್ ಸ್ಟೋರ್' ಆದೇಶದಿಂದ ನಿಜವಾದ ಗಾತ್ರ ತಿಳಿದುಕೊಂಡು, 'ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್' ಆದೇಶದಿಂದ ಹಳೆಯ ಅಪ್‌ಡೇಟುಗಳ ಅವಶೇಷ ತೆಗೆಸಿ. ಜೊತೆಗೆ 'ರೀಸೆಟ್ ಬೇಸ್' ಸೇರಿಸಿದರೆ ಇನ್ನಷ್ಟು ಜಾಗ ಸಿಗಬಹುದಾದರೂ, ಆಗಲೇ ಹಾಕಿರುವ ಅಪ್‌ಡೇಟುಗಳನ್ನು ಹಿಂತೆಗೆಯುವ ದಾರಿ ಮುಚ್ಚಿಹೋಗುತ್ತದೆ. ವಿಂಡೋಸ್ ಒಳಗಿನ ಟೆಂಪ್ ಫೋಲ್ಡರಿನಲ್ಲಿ ಕ್ಯಾಬ್ ಎಂದು ಆರಂಭವಾಗುವ ಕಡತಗಳು ರಾಶಿಯಾಗಿದ್ದರೆ, ಅಪ್‌ಡೇಟುಗಳ ದಾಖಲೆಯಾದ ಸಿಬಿಎಸ್ ಎಂಬ ಲಾಗ್ 2 ಜಿಬಿ ದಾಟಿರಬಹುದು. ಅದನ್ನು ಸಂಕುಚಿಸಲು ವಿಂಡೋಸ್ ಮತ್ತೆ ಮತ್ತೆ ಯತ್ನಿಸಿ ಸೋತು, ಪ್ರತಿ ಸೋಲಿಗೂ ಒಂದು ಕಡತ ಬಿಟ್ಟಿರುತ್ತದೆ. ಮಾಡ್ಯೂಲ್ಸ್ ಇನ್‌ಸ್ಟಾಲರ್ ಸೇವೆಯನ್ನು ನಿಲ್ಲಿಸಿ ಆ ದೊಡ್ಡ ಲಾಗನ್ನೂ ಕ್ಯಾಬ್ ಕಡತಗಳನ್ನೂ ಒಟ್ಟಿಗೆ ತೆಗೆಯಬೇಕು. ಕ್ಯಾಬ್ ಕಡತಗಳನ್ನಷ್ಟೇ ತೆಗೆದರೆ ಮತ್ತೆ ಬರುತ್ತವೆ. ಸರ್ವರ್‌ನಲ್ಲಿ ವೆಬ್ ಪುಟಗಳನ್ನು ಒದಗಿಸುವ ಐಐಎಸ್ ಇದ್ದರೆ ಅದರ ಲಾಗುಗಳನ್ನೂ ನೋಡಿ, ಹಳೆಯವನ್ನು ಅದು ತಾನಾಗಿ ಅಳಿಸುವುದಿಲ್ಲ.

ಸಿಸಿಟಿವಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಅದು ಲೆಕ್ಕದ ಸರ್ವರ್‌ನಲ್ಲಿ ಇರಬಾರದು. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಬರೆಯುವ ಒಂದೇ ಕ್ಯಾಮೆರಾ ಗಂಟೆಗೆ 1.8 ಜಿಬಿ, ದಿನಕ್ಕೆ ಸುಮಾರು 43 ಜಿಬಿ ತಿನ್ನುತ್ತದೆ. ಗೋದಾಮಿಗೆ, ತೂಕದ ಕಟ್ಟೆಗೆ, ಬಾಗಿಲಿಗೆ ಒಂದೊಂದರಂತೆ ಹಾಕಿದರೆ ಲೆಕ್ಕ ನೀವೇ ಮಾಡಬಹುದು. ಸ್ಕ್ಯಾನಿಂಗ್‌ನಲ್ಲೂ ಇಂಥದೇ ದುಂದು ಇದೆ. ಎ4 ಹಾಳೆಯನ್ನು 600 ಡಿಪಿಐ (ಇಂಚಿಗೆ 600 ಚುಕ್ಕೆ) ಬಣ್ಣದಲ್ಲಿ ತೆಗೆದರೆ, ಸಂಕುಚಿಸುವ ಮೊದಲು, 300 ಡಿಪಿಐ ಬೂದುಬಣ್ಣದ ಪ್ರತಿಗಿಂತ ಹನ್ನೆರಡು ಪಟ್ಟು ದೊಡ್ಡದಾಗುತ್ತದೆ. ಕನ್ನಡದ ಒತ್ತಕ್ಷರವಾಗಲಿ ಮಲಯಾಳದ ಕೂಟಕ್ಷರವಾಗಲಿ 300ರಲ್ಲೇ ಸ್ಪಷ್ಟವಾಗಿ ಓದಬಹುದು.

ಹಳೆಯ ವರ್ಷಗಳ ಲೆಕ್ಕವನ್ನು ತೆಗೆದರಾಯಿತು ಎಂಬ ಸಲಹೆ ಬಂದರೆ ಒಪ್ಪಬೇಡಿ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. 2023–24ರ ಲೆಕ್ಕ 2030ರ ಡಿಸೆಂಬರ್ ಕೊನೆಯವರೆಗೆ ಇರಬೇಕು, ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು ಕಾಲ. ಬೇರೆ ಡಿಸ್ಕಿಗೆ ಎರಡು ಪ್ರತಿ ಮಾಡಿ, ಅವು ತೆರೆಯುತ್ತವೆ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಸರ್ವರ್‌ನಿಂದ ಕದಲಿಸಬಹುದು.

ಇಷ್ಟೆಲ್ಲ ಆದಮೇಲೆ ಪ್ರತಿ ಸೋಮವಾರ ಪ್ರತಿ ಡ್ರೈವಿನ ಖಾಲಿ ಜಾಗವನ್ನು ಪುಸ್ತಕದಲ್ಲಿ ಬರೆದಿಡಿ. ವಾರಕ್ಕೆ 6 ಜಿಬಿ ಕರಗುತ್ತಿದ್ದು 48 ಜಿಬಿ ಉಳಿದಿದ್ದರೆ ಎಂಟು ವಾರಗಳ ಅವಧಿ ಇದೆ ಎಂದರ್ಥ. ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್ ಅಳವಡಿಸಿಕೊಂಡರೆ ಫೋಲ್ಡರುಗಳಿಗೆ ಮಿತಿ ಹಾಕಿ, ಮಿತಿ ಸಮೀಪಿಸಿದಾಗ ಇಮೇಲ್ ಬರುವಂತೆಯೂ ಮಾಡಬಹುದು. ಬೆಳವಣಿಗೆ ನ್ಯಾಯವಾದದ್ದೇ ಎಂದು ಕಂಡುಬಂದಾಗ ಡಿಸ್ಕ್ ದೊಡ್ಡದು ಮಾಡಬೇಕು. ಆಗ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿ ಡ್ರೈವನ್ನು ವಿಸ್ತರಿಸುವುದು ಅದರ ಪಕ್ಕದಲ್ಲೇ ಹಂಚಿಕೆಯಾಗದ ಜಾಗ ಇದ್ದರೆ ಮಾತ್ರ, ನಡುವೆ ವಿಂಡೋಸ್ ದುರಸ್ತಿಗೆಂದಿರುವ ರಿಕವರಿ ವಿಭಾಗ ಕೂತಿದ್ದರೆ ಆ ಆಯ್ಕೆ ಮಸುಕಾಗಿಯೇ ಇರುತ್ತದೆ ಎಂಬುದನ್ನು ಡಿಸ್ಕ್ ತರಿಸುವ ಮೊದಲೇ ನೋಡಿಕೊಳ್ಳಿ.