ಸ್ವೀಡನ್‌ನಲ್ಲಿ ಪೋಸ್ಟ್‌ಡಾಕ್ ಹುಡುಕ್ತಿದ್ದೀರಾ? ಮೊದಲು ಇದು ನೋಡಿ

ಪಿಎಚ್‌ಡಿ ಮುಗಿಸುತ್ತಿರುವ ಸ್ನೇಹಿತರೇ, ಪೋಸ್ಟ್‌ಡಾಕ್‌ಗಾಗಿ, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸಕ್ಕಾಗಿ, ಸುಮ್ನೆ ನೂರಾರು ಪ್ರೊಫೆಸರ್‌ಗಳಿಗೆ ಒಂದೇ ಇಮೇಲ್ ಕಳಿಸುತ್ತಾ ಕೂರಬೇಡಿ. ಸ್ಟಾಕ್‌ಹೋಮ್‌ನ ಕೆಟಿಎಚ್, ಗೋಥೆನ್‌ಬರ್ಗ್‌ನ ಚಾಲ್ಮರ್ಸ್, ಲುಂಡ್, ಉಪ್ಸಾಲ ಈ ವಿಶ್ವವಿದ್ಯಾಲಯಗಳೆಲ್ಲ ತಮ್ಮ ವೆಬ್‌ಸೈಟಿನ ಖಾಲಿ ಹುದ್ದೆಗಳ ಪುಟದಲ್ಲೇ ಜಾಹೀರಾತು ಹಾಕುತ್ತವೆ. ವಾರಕ್ಕೊಮ್ಮೆ ಅಲ್ಲಿ ಕಣ್ಣಾಡಿಸಿದರೆ ಸಾಕು.

ಜಾಹೀರಾತಿನಲ್ಲಿ 'ಎಂಪ್ಲಾಯ್‌ಮೆಂಟ್' ಅಂತಿದೆಯೋ 'ಸ್ಕಾಲರ್‌ಶಿಪ್' ಅಂತಿದೆಯೋ ಗಮನಿಸಿ. ಸ್ಕಾಲರ್‌ಶಿಪ್‌ಗೆ ತೆರಿಗೆ ಇಲ್ಲ ಅಂತ ಖುಷಿಯಾಗುತ್ತೆ, ಆದರೆ ಪಿಂಚಣಿ ಜಮಾ ಆಗಲ್ಲ, ನೌಕರರಿಗೆ ಸಿಗುವ ಭದ್ರತೆಯೂ ಇರಲ್ಲ. ಸಂಸಾರ ಕಟ್ಟಿಕೊಂಡು ಹೋಗುವವರು ಎಂಪ್ಲಾಯ್‌ಮೆಂಟನ್ನೇ ಹಿಡಿಯಿರಿ ಅಂತ ನನ್ನ ಅಭಿಪ್ರಾಯ. ಅದು ಸಾಮಾನ್ಯವಾಗಿ 2 ವರ್ಷದ್ದು, ಕೆಲವು ಕಡೆ 3.

ಇನ್ನೊಂದು, ಪಿಎಚ್‌ಡಿ ಸಿಕ್ಕಿ 3 ವರ್ಷದೊಳಗಿನವರಿಗೆ ಆದ್ಯತೆ. ಈ ಲೆಕ್ಕ ಅರ್ಜಿಯ ಕೊನೆಯ ದಿನದಿಂದ ಹಿಂದಕ್ಕೆ. ಹೆರಿಗೆ ರಜೆ, ಕಾಯಿಲೆ ಅಂತ ನಡುವೆ ಬಿಡುವಾಗಿದ್ದರೆ ಅದಕ್ಕೆ ವಿನಾಯಿತಿ ಉಂಟು. ಸಂಕೋಚ ಬೇಡ, ತಾರೀಕು ಸಮೇತ ಬರೆಯಿರಿ.

ನಾನು ಎಡವಿದ್ದು ಸರ್ಟಿಫಿಕೇಟ್ ವಿಷಯದಲ್ಲಿ. ವೈವಾ (ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ) ಆಯ್ತಲ್ಲ, ಘಟಿಕೋತ್ಸವದಲ್ಲಿ ಹೇಗೂ ಕೊಡ್ತಾರೆ ಅಂತ ಸುಮ್ಮನಿದ್ದೆ. ಸ್ವೀಡನ್‌ನವರು ಪದವಿಯ ಪುರಾವೆ ಕೇಳಿದಾಗ ನಮ್ಮ ವಿಶ್ವವಿದ್ಯಾಲಯದ ಕಚೇರಿಗೆ ನಾಲ್ಕು ಸಲ ಅಲೆದೆ. ವೈವಾ ಆದ ವಾರವೇ ಪ್ರೊವಿಷನಲ್ ಸರ್ಟಿಫಿಕೇಟ್‌ಗೆ ಅರ್ಜಿ ಕೊಡಿ.

ಅಂದ ಹಾಗೆ, ಸ್ವೀಡನ್‌ನಲ್ಲಿ ನಿಮ್ಮ ಅರ್ಜಿ ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಕೇಳಿ ನೋಡಬಹುದು! ಜುಲೈನಲ್ಲಿ ಉತ್ತರ ಬರದಿದ್ದರೆ ಗಾಬರಿ ಬೇಡ. ಆಗ ಅರ್ಧ ದೇಶವೇ ರಜೆ ಮೇಲೆ ಇರುತ್ತೆ.